ಸಲೀಫ್ ಕೇಟಾ: ಆಟ ಮತ್ತು ಹಟ



ಯುರೋಪಿನಲ್ಲಿ ಆಡಿದ ಪಶ್ಚಿಮ ಆಫ್ರಿಕದ ಫುಟ್‌ಬಾಲ್ ಆಟಗಾರರು ಅಂದ ಕೂಡಲೇ ನಿಮ್ಮ ಬಾಯಿಗೆ ಬರುವ ಹೆಸರುಗಳು ನನಗೆ ಗೊತ್ತು. ಐವರಿ ಕೋಸ್ಟ್‌ನ ದ್ರೋಗ್ಬಾ, ಯಾಯಾ ತೂರೆ, ಲೈಬೀರಿಯಾದ ಜಾರ್ಜ್ ವಿಯಾ, ಸೆನೆಗಲ್‌ನ ಸಾಡಿಯೊ ಮಾನೆ. ಇವತ್ತು ನಾನು ಮಾತಾಡುವುದು ಇವರೆಲ್ಲರಿಗಿಂತ ಮುಂಚೆ ಹೋದವರ ಬಗ್ಗೆ: ಮಾಲಿ ದೇಶದ ಸಲೀಫ್ ಕೇಟಾ. ಅದೇ ಹೆಸರಿನ ಪ್ರಸಿದ್ಧ ಗಾಯಕರೊಬ್ಬರು ಅದೇ ದೇಶದವರಿದ್ದಾರೆ. ಸಂಗೀತ ಬಲ್ಲವರು ಗೊಂದಲ ಮಾಡಿಕೊಳ್ಳಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮವರು 1946ರಲ್ಲಿ ಬಮಾಕೊದಲ್ಲಿ ಹುಟ್ಟಿದ ಫಾರ್ವರ್ಡ್ ಆಟಗಾರ.

ಅವರ ಗೋಲುಗಳ ಬಗ್ಗೆ ಹೇಳದೆ ಬಿಡುವುದಿಲ್ಲ. ಆದರೆ ಇವತ್ತು ಅವರನ್ನು ಆರಿಸಿಕೊಂಡದ್ದು ಗೋಲುಗಳಿಗಾಗಿ ಅಲ್ಲ, ಅವರ ಹಟಕ್ಕಾಗಿ. ಆಟಗಾರನ ಕಾಲಿನ ದುಡಿಮೆ ಯಾರಿಗೆ ಸೇರಬೇಕು, ಅದರಲ್ಲಿ ಅವನನ್ನು ಬೆಳೆಸಿದ ಊರಿಗೆ ಪಾಲು ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರು ಬದುಕಿಡೀ ಬಿಡಲಿಲ್ಲ. ಭಾಷಣ ಮಾಡಿ ಕೇಳಿದ್ದಲ್ಲ, ಒಂದೊಂದು ಕರಾರಿನಲ್ಲಿ, ಒಂದೊಂದು ಜಗಳದಲ್ಲಿ ಕೇಳಿದ್ದು.

ಕೇಟಾ ಯುರೋಪಿನಲ್ಲಿ ಆಡಿದ ಮೊದಲ ಆಫ್ರಿಕದವರೇನಲ್ಲ. ಈಗಿನ ಘಾನಾ, ಆಗಿನ ಗೋಲ್ಡ್ ಕೋಸ್ಟ್‌ನಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ 1880ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಗೋಲ್‌ಕೀಪರ್ ಆಗಿದ್ದರು. ಸೆನೆಗಲ್‌ನ ರಾಜಕಾರಣಿ ಬ್ಲೇಸ್ ಡಿಯಾನ್ಯೆ ಅವರ ಮಗ ರಾವುಲ್ ಡಿಯಾನ್ಯೆ 1938ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಪರ ಆಡಿದರು. ಮೊಜಾಂಬಿಕ್‌ನ ಯುಸೇಬಿಯೊ 1966ರ ವಿಶ್ವಕಪ್‌ನಲ್ಲಿ 9 ಗೋಲು ಹೊಡೆದದ್ದು ಪೋರ್ಚುಗಲ್‌ನ ಅಂಗಿ ತೊಟ್ಟು. ಇವರೆಲ್ಲರ ಸಾಧನೆ ಆಳುವ ದೇಶದ ಖಾತೆಗೆ ಜಮೆಯಾಯಿತು. ಕೇಟಾ ಅವರ ಕಾಲಕ್ಕೆ ಲೆಕ್ಕ ಬದಲಾಗಿತ್ತು. ಮಾಲಿ 1960ರ ಸೆಪ್ಟೆಂಬರ್ 22ರಂದು ಸ್ವತಂತ್ರವಾದಾಗ ಅವರಿಗಿನ್ನೂ 14 ತುಂಬಿರಲಿಲ್ಲ. ಸ್ವಂತ ಬಾವುಟ, ಸ್ವಂತ ಪಾಸ್‌ಪೋರ್ಟ್ ಇದ್ದ ಮೊದಲ ತಲೆಮಾರಿನ ಹುಡುಗ ಅವರು.

ಆದರೆ ಬಾವುಟ ಬಂದಿತೆಂದು ಫುಟ್‌ಬಾಲ್ ಜಗತ್ತು ಕುರ್ಚಿ ಹಾಕಿ ಕೂರಿಸಲಿಲ್ಲ. 1966ರ ವಿಶ್ವಕಪ್‌ನ 16 ಸ್ಥಾನಗಳಲ್ಲಿ ಆಫ್ರಿಕ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿಸಿ ಫಿಫಾ ಕೊಟ್ಟದ್ದು ಒಂದೇ ಒಂದು. ಅಧ್ಯಕ್ಷ ಎನ್‌ಕ್ರುಮಾ ಅವರ ಘಾನಾ ಮುಂದಾಗಿ ನಿಂತಿತು, ಆಫ್ರಿಕದ ದೇಶಗಳು ಆ ಟೂರ್ನಿಯನ್ನೇ ಬಹಿಷ್ಕರಿಸಿದವು. ಆ ಹೋರಾಟದಿಂದಲೇ 1970ರಲ್ಲಿ ಆಫ್ರಿಕಕ್ಕೆ ಸ್ವಂತದ ಒಂದು ಸ್ಥಾನ ಸಿಕ್ಕಿ ಮೊರೊಕ್ಕೊ ಹೋಯಿತು. ಕೇಟಾ ಅವರ ಕಾಲಲ್ಲಿ ಕಸುವು ತುಂಬಿದ್ದ ವರ್ಷಗಳಲ್ಲಿ ಇಡೀ ಖಂಡಕ್ಕೆ ಇದ್ದದ್ದು ಆ ಒಂದೇ ಬಾಗಿಲು. ಅವರು ಒಂದೂ ವಿಶ್ವಕಪ್ ಆಡಲಿಲ್ಲ. ಮಾಲಿ ಈವರೆಗೂ ವಿಶ್ವಕಪ್‌ಗೆ ಅರ್ಹತೆ ಪಡೆದಿಲ್ಲ. ದೊಡ್ಡ ಆಟಗಾರರನ್ನು ವಿಶ್ವಕಪ್‌ನಿಂದ ಅಳೆಯುವ ನಮ್ಮ ಅಭ್ಯಾಸ ಎಷ್ಟು ಅನ್ಯಾಯದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಮಾಕೊದ ಜನ ಅವರನ್ನು ಡೊಮಿಂಗೊ ಎಂದು ಕರೆಯುತ್ತಿದ್ದರು. ಹದಿನಾರರ ಆಸುಪಾಸಿನಲ್ಲೇ ರಾಷ್ಟ್ರೀಯ ತಂಡಕ್ಕೆ ಬಂದ ಹುಡುಗ. 1965ರಲ್ಲಿ ಬ್ರಾಝವಿಲ್‌ನಲ್ಲಿ ನಡೆದ ಮೊದಲ ಆಲ್ ಆಫ್ರಿಕಾ ಕ್ರೀಡಾಕೂಟದಲ್ಲಿ ಮಾಲಿ ಬೆಳ್ಳಿ ಗೆದ್ದಿತು. ಮರುವರ್ಷ ಆಫ್ರಿಕದ ಕ್ಲಬ್‌ಗಳ ಚಾಂಪಿಯನ್ಸ್ ಕಪ್‌ನಲ್ಲಿ ಅವರ ರಿಯಲ್ ಬಮಾಕೊ ತಂಡ ಫೈನಲ್ ತಲುಪಿ ಸ್ಟಾಡ್ ಅಬಿಜಾನ್ ಎದುರು ಸೋತಿತು. ಆ ಟೂರ್ನಿಯೊಂದರಲ್ಲೇ ಕೇಟಾ 14 ಗೋಲು ಹೊಡೆದಿದ್ದರು.

ಬಮಾಕೊದಲ್ಲಿದ್ದ ಲೆಬನಾನ್ ಮೂಲದ ಅಭಿಮಾನಿಯೊಬ್ಬರು ಫ್ರಾನ್ಸಿನ ಸೇಂಟ್ ಎಟಿಯೆನ್ ಕ್ಲಬ್ಬಿಗೆ ಪತ್ರದ ಮೇಲೆ ಪತ್ರ ಬರೆದರು: ಇಲ್ಲೊಬ್ಬ ಹುಡುಗನಿದ್ದಾನೆ, ಕರೆಸಿಕೊಳ್ಳಿ ಎಂದು. ಕ್ಲಬ್ ಒಪ್ಪಿತು. ಆದರೆ ಮಾಲಿಯ ಅಧ್ಯಕ್ಷ ಮೊದಿಬೊ ಕೇಟಾ ಅವರ ಸಮಾಜವಾದಿ ಸರ್ಕಾರಕ್ಕೆ ತನ್ನ ಅತ್ಯುತ್ತಮ ಆಟಗಾರ ಹೊರಗೆ ಹೋಗುವುದು ಬೇಕಿರಲಿಲ್ಲ. 1967ರ ಸೆಪ್ಟೆಂಬರ್‌ನಲ್ಲಿ ಸಲೀಫ್ ಗುಟ್ಟಾಗಿ ದೇಶ ಬಿಟ್ಟರು. ಲೈಬೀರಿಯಾದ ರಾಜಧಾನಿ ಮನ್ರೋವಿಯಾಕ್ಕೆ ಹೋಗಿ, ಅಲ್ಲಿಂದ ಪ್ಯಾರಿಸ್‌ಗೆ ವಿಮಾನ ಹತ್ತಿದರು.

ಪ್ಯಾರಿಸ್‌ನಲ್ಲಿ ಇಳಿದಾಗ ಅವರನ್ನು ಕರೆದೊಯ್ಯಲು ಯಾರೂ ಇರಲಿಲ್ಲ. ಕ್ಲಬ್ಬಿನವರು ಕಾಯುತ್ತಿದ್ದದ್ದು ಆ ನಗರದ ಇನ್ನೊಂದು ವಿಮಾನ ನಿಲ್ದಾಣದಲ್ಲಿ. ಇಪ್ಪತ್ತು ವರ್ಷದ ಹುಡುಗ ಹೊರಗೆ ಬಂದು ಟ್ಯಾಕ್ಸಿ ಹಿಡಿದು, ಸೇಂಟ್ ಎಟಿಯೆನ್‌ಗೆ ಬಿಡಿ ಎಂದರು. 500 ಕಿಲೋಮೀಟರಿಗೂ ಮಿಕ್ಕಿದ ದಾರಿ. ಟ್ಯಾಕ್ಸಿ ಹೋಗಿ ಕ್ಲಬ್ಬಿನ ಮುಂದೆ ನಿಂತಿತು, ಬಾಡಿಗೆಯನ್ನು ಕ್ಲಬ್ ಕೊಟ್ಟಿತು. ಫ್ರೆಂಚ್ ಫುಟ್‌ಬಾಲ್‌ನಲ್ಲಿ ಇಂದಿಗೂ ನಗುನಗುತ್ತಾ ಹೇಳುವ ಕತೆ ಇದು. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಬೆನ್ನ ಹಿಂದೆ ತನ್ನದೇ ಸರ್ಕಾರದ ಸಿಟ್ಟು, ಮುಂದೆ ಮುಖ ನೋಡದ ಯಜಮಾನ, ಊರಿಗೆ ಹಿಂತಿರುಗಿದರೆ ಏನಾದೀತೋ ಗೊತ್ತಿಲ್ಲ. ಇಷ್ಟರ ನಡುವೆ ಅಷ್ಟು ದೂರದ ಬಾಡಿಗೆಯನ್ನು ಕ್ಲಬ್ ಕೊಟ್ಟೇ ಕೊಡುತ್ತದೆ ಎಂದು ನಂಬಿ ಕಾರು ಹತ್ತಬೇಕಾದರೆ ತನ್ನ ಆಟದ ಬೆಲೆ ಎಷ್ಟೆಂದು ಆ ಹುಡುಗನಿಗೆ ಸರಿಯಾಗಿ ಗೊತ್ತಿರಬೇಕು. ಮುಂದೆ ಅವರು ಮಾಡಿದ ಜಗಳಗಳೆಲ್ಲ ಆ ಅರಿವಿನಿಂದಲೇ ಹುಟ್ಟಿದವು.

ಸೇಂಟ್ ಎಟಿಯೆನ್ ಕಲ್ಲಿದ್ದಲು ಗಣಿಗಳ ಊರು. ಕ್ಯಾಸಿನೊ ಎಂಬ ದಿನಸಿ ಅಂಗಡಿಗಳ ಕಂಪನಿಯ ನೌಕರರ ಕ್ರೀಡಾಸಂಘವಾಗಿ 1919ರಲ್ಲಿ ಶುರುವಾದ ಕ್ಲಬ್ ಅದು. ಅಂಗಿಯ ಹಸಿರು ಬಣ್ಣವೂ ಆ ಅಂಗಡಿಗಳದ್ದೇ. ಅಧ್ಯಕ್ಷ ರೋಜೆ ರೋಶೆ ಸ್ವತಃ ಗಣಿಯಲ್ಲಿ ದುಡಿದು, ಆಮೇಲೆ ಕಂಟ್ರಾಕ್ಟರ್ ಆಗಿ ಮೇಲೆ ಬಂದವರು. ಸದಾ ಬಾಯಲ್ಲಿ ಪೈಪು, ಮಾತು ಬಿಗಿ.

ಈ ಕ್ಲಬ್ಬಿಗೆ ಆಫ್ರಿಕದ ಆಟಗಾರರು ಹೊಸಬರಲ್ಲ, ಅವರ ಹಟವೂ ಹೊಸದಲ್ಲ. ಅಲ್ಜೀರಿಯಾದ ರಷೀದ್ ಮೆಖ್ಲೂಫಿ 1957ರಲ್ಲಿ ಈ ತಂಡಕ್ಕೆ ಲೀಗ್ ಗೆದ್ದುಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ, ಫ್ರಾನ್ಸ್‌ನ ವಿಶ್ವಕಪ್ ತಂಡಕ್ಕೆ ಆಯ್ಕೆಯಾಗುವ ಹೊತ್ತಿನಲ್ಲಿ, ಎಲ್ಲವನ್ನೂ ಬಿಟ್ಟು ಅಲ್ಜೀರಿಯಾದ ವಿಮೋಚನಾ ರಂಗ ಕಟ್ಟಿದ ತಂಡ ಸೇರಲು ಗಡಿ ದಾಟಿದರು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಅದೇ ಕ್ಲಬ್ಬಿಗೆ ಮರಳಿದರು. ಕೇಟಾ ಬಂದ ಮೊದಲ ವರ್ಷ ಇಬ್ಬರೂ ಜತೆಗಿದ್ದರು. ಆ ಋತುವಿನ ಕೊನೆಯ ಕಪ್ ಫೈನಲ್‌ನಲ್ಲಿ ಬೋರ್ಡೊ ಎದುರು ತಂಡ ಹೊಡೆದ ಎರಡೂ ಗೋಲು ಮೆಖ್ಲೂಫಿ ಅವರವು. 1957ರಲ್ಲಿ ಮೆಖ್ಲೂಫಿ ಅವರ ಜತೆಗಾರರಾಗಿದ್ದವರು ಕ್ಯಾಮರೂನ್‌ನ ಯೂಜಿನ್ ಎನ್‌ಜೊ ಲೆಯಾ. ಮುಂದೆ 1961ರಲ್ಲಿ ಫ್ರಾನ್ಸಿನ ವೃತ್ತಿಪರ ಆಟಗಾರರ ಸಂಘವನ್ನು ಕಟ್ಟಿದವರಲ್ಲಿ ಅವರು ಮೊದಲಿಗರು. ಫ್ರಾನ್ಸಿನ ಆಟಗಾರರ ಹಕ್ಕಿನ ಚರಿತ್ರೆ ಶುರುವಾಗುವುದೇ ಒಬ್ಬ ಆಫ್ರಿಕನ್ ಹೆಸರಿನಿಂದ. ಇದನ್ನು ಫ್ರಾನ್ಸಿನಲ್ಲೂ ಎಷ್ಟು ಬೇಕೋ ಅಷ್ಟು ಹೇಳುವುದಿಲ್ಲ ಎಂಬುದು ನನ್ನ ದೂರು.

ಈಗ ಆಟಕ್ಕೆ ಬರೋಣ. ಕೋಚ್ ಆಲ್ಬೇರ್ ಬಾತೊ ಅವರ ಕೈಕೆಳಗೆ ತಂಡ 1968, 1969, 1970 ಮೂರು ವರ್ಷವೂ ಲೀಗ್ ಗೆದ್ದಿತು. ಅದರಲ್ಲಿ ಎರಡು ವರ್ಷ ಫ್ರೆಂಚ್ ಕಪ್ ಕೂಡ. ಕೇಟಾ ಗೋಲಿನ ಬಾಯಲ್ಲಿ ನಿಂತು ಚೆಂಡಿಗಾಗಿ ಕಾಯುವ ಜಾತಿಯವರಲ್ಲ. ಹಿಂದೆ ಬಂದು ಚೆಂಡು ಕೇಳಿ ಪಡೆದು, ಭುಜ ಒಂದು ಕಡೆ ಬಾಗಿಸಿ ಇನ್ನೊಂದು ಕಡೆಯಿಂದ ಹೋಗುವವರು. ತೆಳ್ಳನೆಯ ಮೈ, ಉದ್ದ ಹೆಜ್ಜೆ, ಎರಡೂ ಕಾಲಿನಲ್ಲಿ ಹೊಡೆತ. ಕ್ಲಬ್ ತನ್ನ ಲಾಂಛನದಲ್ಲಿ ಕರಿಚಿರತೆಯನ್ನು ಸೇರಿಸಿಕೊಂಡದ್ದು ಅವರಿಂದಾಗಿ.

1969ರ ಅಕ್ಟೋಬರ್ 1ರ ರಾತ್ರಿಯ ಪಂದ್ಯವೊಂದನ್ನು ಹೇಳಲೇಬೇಕು. ಯುರೋಪಿಯನ್ ಕಪ್‌ನ ಮೊದಲ ಸುತ್ತು. ಎದುರಾಳಿ ಬಾಯರ್ನ್ ಮ್ಯೂನಿಕ್: ಗೋಲಿನಲ್ಲಿ ಸೆಪ್ ಮಾಯರ್, ಹಿಂದೆ ಬೆಕೆನ್‌ಬಾವರ್, ಮುಂದೆ ಗರ್ಡ್ ಮ್ಯುಲರ್. ಮ್ಯೂನಿಕ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಬಾಯರ್ನ್ 2-0 ಗೆದ್ದಿತ್ತು. ಫ್ರಾನ್ಸಿನ ತಂಡದ ಕತೆ ಮುಗಿಯಿತು ಎಂದೇ ಲೆಕ್ಕ. ಊರಿನ ಜೊಫ್ರಾ ಗಿಶಾರ್ ಮೈದಾನದಲ್ಲಿ ಮರುಪಂದ್ಯ ಶುರುವಾಗಿ ಜನ ಸರಿಯಾಗಿ ಕೂರುವ ಮೊದಲೇ ಎರ್ವೆ ರೆವೆಲಿ ಒಂದು ಗೋಲು ಹೊಡೆದರು. ವಿರಾಮದ ನಂತರ ಅವರದ್ದೇ ಇನ್ನೊಂದು. ಎರಡೂ ಪಂದ್ಯ ಸೇರಿ 2-2. ಆಟ ಮುಗಿಯಲು ಹತ್ತು ನಿಮಿಷವೂ ಇಲ್ಲದಿದ್ದಾಗ ಮೂರನೆಯ ಗೋಲು ಕೇಟಾ ಅವರಿಂದ ಬಂತು. ಬಾಯರ್ನ್ ಮನೆಗೆ ಹೋಯಿತು. ಮುಂದಿನ ಸುತ್ತಿನಲ್ಲಿ ಲೆಜಿಯಾ ವಾರ್ಸಾ ಎದುರು ಸೇಂಟ್ ಎಟಿಯೆನ್ ಸೋತಿತು, ನಿಜ. ಆದರೆ 1970ರ ದಶಕದಲ್ಲಿ ಆ ಮೈದಾನ ಯುರೋಪಿನ ದೊಡ್ಡ ತಂಡಗಳನ್ನು ಹೆದರಿಸುವ ಜಾಗ ಎಂದು ಹೆಸರಾದದ್ದಕ್ಕೆ ಬುನಾದಿ ಬಿದ್ದದ್ದು ಆ ರಾತ್ರಿ.

1970ರಲ್ಲಿ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆ ಆಫ್ರಿಕದ ಶ್ರೇಷ್ಠ ಆಟಗಾರನಿಗೆ ಚಿನ್ನದ ಚೆಂಡು ಕೊಡಲು ಆರಂಭಿಸಿದಾಗ ಮೊದಲನೆಯದು ಸಂದದ್ದು ಕೇಟಾ ಅವರಿಗೆ. 1970-71ರ ಲೀಗ್‌ನಲ್ಲಿ ಅವರು 42 ಗೋಲು ಹೊಡೆದರು. ಸೆದಾನ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಆರು. ಇಷ್ಟಾಗಿಯೂ ಆ ವರ್ಷ ಅವರು ಎರಡನೆಯವರು. ಮಾರ್ಸೇ ತಂಡದ ಯುಗೊಸ್ಲಾವಿಯಾದ ಸ್ಕೊಬ್ಲಾರ್ 44 ಹೊಡೆದಿದ್ದರು.

ಇಂಥ ಆಟಗಾರ 1972ರಲ್ಲಿ ಕ್ಲಬ್ ಬಿಟ್ಟದ್ದು ಜಗಳವಾಡಿಕೊಂಡು. ಆ ಜಗಳ ಅರ್ಥವಾಗಬೇಕಾದರೆ ಆಗಿನ ಕರಾರು ಗೊತ್ತಿರಬೇಕು. 1969ರವರೆಗೆ ಫ್ರಾನ್ಸಿನಲ್ಲಿ ಆಟಗಾರ ಒಮ್ಮೆ ಸಹಿ ಹಾಕಿದರೆ 35 ವರ್ಷ ತುಂಬುವವರೆಗೆ ಆ ಕ್ಲಬ್ಬಿನ ಸೊತ್ತಾಗಿದ್ದ. ಅವನನ್ನು ಮಾರುವುದೋ, ಇಟ್ಟುಕೊಳ್ಳುವುದೋ, ಯಾರಿಗೆ ಎಷ್ಟಕ್ಕೆ ಎಂಬುದೆಲ್ಲ ಮಾಲೀಕರ ಮರ್ಜಿ. ಫ್ರಾನ್ಸಿನ ದೊಡ್ಡ ತಾರೆ ರೆಮೊಂ ಕೊಪಾ 1963ರಲ್ಲಿ, ನಾವು ಆಟಗಾರರು ಗುಲಾಮರು ಎಂದು ಬಹಿರಂಗವಾಗಿ ಹೇಳಿ ಫೆಡರೇಷನ್ನಿನ ಕೋಪಕ್ಕೆ ಗುರಿಯಾದರು. ಎನ್‌ಜೊ ಲೆಯಾ ಕಟ್ಟಿದ ಸಂಘ ಹೋರಾಡಿ 1969ರಲ್ಲಿ ಅವಧಿ ನಿಗದಿಯಾದ ಕರಾರನ್ನು ಪಡೆಯಿತು. ಮಾಲೀಕರು ಅದನ್ನು ಹಿಂತೆಗೆಯಲು ನೋಡಿದಾಗ 1972ರ ಡಿಸೆಂಬರ್‌ನಲ್ಲಿ ಆಟಗಾರರು ಮುಷ್ಕರ ಹೂಡಿದರು. ಕೇಟಾ ಮತ್ತು ರೋಶೆ ಕರಾರಿನ ಮೇಲೆ ಕಿತ್ತಾಡಿದ್ದು ಈ ಗದ್ದಲದ ನಡುವೆ. ರೋಶೆ ಅವರ ಕಣ್ಣಿಗೆ ಅದು ಕೃತಘ್ನತೆ. ಟ್ಯಾಕ್ಸಿ ಬಾಡಿಗೆ ಕೊಟ್ಟು ಕರೆದುಕೊಂಡವರು ನಾವಲ್ಲವೇ ಎಂಬ ಧೋರಣೆ ಅಂಥ ಯಜಮಾನರಿಗೆ ಸಹಜವಾಗಿ ಬರುತ್ತದೆ. ಮೂರು ಲೀಗ್ ಪ್ರಶಸ್ತಿ ಗೆದ್ದುಕೊಟ್ಟ ಮೇಲೆ ಯಾವ ಋಣ ಬಾಕಿ ಇತ್ತು ಎಂದು ನಾನು ಕೇಳುತ್ತೇನೆ.

ಮಾರ್ಸೇಗೆ ಹೋದ ಕೇಟಾ ಹಳೆಯ ಕ್ಲಬ್ ಎದುರಾದಾಗ ಎರಡು ಗೋಲು ಹೊಡೆದರು. ಆದರೆ ಅಲ್ಲಿ ಇನ್ನೊಂದು ಕಷ್ಟ ಕಾದಿತ್ತು. ಆಗ ಒಂದು ತಂಡದಲ್ಲಿ ಇಬ್ಬರೇ ವಿದೇಶಿಯರು ಆಡಬಹುದಿತ್ತು. ಮಾರ್ಸೇಯಲ್ಲಿ ಸ್ಕೊಬ್ಲಾರ್ ಮತ್ತು ಸ್ವೀಡನ್‌ನ ಮ್ಯಾಗ್ನುಸನ್ ಆಗಲೇ ಇದ್ದರು. ಕ್ಲಬ್ ಸುಲಭದ ದಾರಿ ತೋರಿಸಿತು: ಫ್ರಾನ್ಸಿನ ಪೌರತ್ವ ತೆಗೆದುಕೊಂಡುಬಿಡು. ಕೇಟಾ ಒಲ್ಲೆ ಎಂದರು. ಪೌರತ್ವ ಬದಲಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಹೊಟ್ಟೆಪಾಡಿಗೆ, ಮಕ್ಕಳ ಭವಿಷ್ಯಕ್ಕೆ ಕೋಟಿಗಟ್ಟಲೆ ಜನ ಬದಲಿಸುತ್ತಾರೆ, ಅದು ಅವರವರ ಹಕ್ಕು. ಆದರೆ ತಂಡದ ಪಟ್ಟಿಯಲ್ಲಿ ಜಾಗ ಹೊಂದಿಸಲು ನಿನ್ನ ದೇಶ ಬಿಡು ಎಂದು ಹೇಳುವ ಹಕ್ಕು ಯಾವ ಕ್ಲಬ್ಬಿಗೂ ಇಲ್ಲ. ಸ್ವಾತಂತ್ರ್ಯ ಬಂದು ಹದಿಮೂರು ವರ್ಷವೂ ಆಗದ ದೇಶದವನಿಗೆ, ಹಿಂದೆ ಆಳಿದ ದೇಶದಲ್ಲಿ ಕೂತು ಈ ಮಾತು ಹೇಳುವುದಂತೂ ಇನ್ನೂ ಅನ್ಯಾಯ. 1973ರಲ್ಲಿ ಅವರು ಸ್ಪೇನ್‌ನ ವಲೆನ್ಸಿಯಾಗೆ ಹೊರಟುಬಿಟ್ಟರು.

ಹತ್ತು ವರ್ಷ ವಿದೇಶಿಯರಿಗೆ ಮುಚ್ಚಿದ್ದ ಸ್ಪೇನ್ ಲೀಗ್ ಬಾಗಿಲು ತೆರೆದದ್ದು ಆ ವರ್ಷವೇ. ಬಾರ್ಸಿಲೋನಾಗೆ ಕ್ರೈಫ್ ಬಂದರು, ರಿಯಲ್ ಮ್ಯಾಡ್ರಿಡ್‌ಗೆ ನೆಟ್ಸರ್. ವಲೆನ್ಸಿಯಾದ ಕೋಚ್ ಸಾಕ್ಷಾತ್ ಡಿ ಸ್ಟೆಫಾನೊ. ಆಫ್ರಿಕದ ಶ್ರೇಷ್ಠ ಆಟಗಾರನನ್ನು ಅಲ್ಲಿನ ಒಂದು ಪತ್ರಿಕೆ ಸ್ವಾಗತಿಸಿದ ರೀತಿ ನೋಡಿ: ಜರ್ಮನರನ್ನು ತರಲು ಹೋದ ಕ್ಲಬ್ ಕರಿಯನೊಬ್ಬನನ್ನು ಹಿಡಿದುಕೊಂಡು ಬಂತು ಎಂಬ ಅರ್ಥದ ತಲೆಬರಹ. ಇದು ಗ್ಯಾಲರಿಯಲ್ಲಿ ಕುಡಿದವನು ಕೂಗಿದ ಮಾತಲ್ಲ, ಸಂಪಾದಕರ ಕಣ್ಣು ದಾಟಿ ಅಚ್ಚಾದ ಸಾಲು. ಅದೇ ವಲೆನ್ಸಿಯಾದ ಮೈದಾನದಲ್ಲಿ ಬ್ರೆಜಿಲ್‌ನ ವಿನಿಸಿಯಸ್ 2023ರಲ್ಲಿ ಜನಾಂಗೀಯ ನಿಂದನೆ ಕೇಳಿ ಆಟ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಐವತ್ತು ವರ್ಷದ ಅಂತರ. ಕೇಟಾ ಅಲ್ಲಿ ಮೂರು ವರ್ಷ ಆಡಿದರು.

ಮುಂದಿನದನ್ನು ಬೇಗ ಹೇಳುತ್ತೇನೆ. 1976ರಿಂದ 1979ರವರೆಗೆ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್, ಆಮೇಲೆ ಅಮೆರಿಕದ ನ್ಯೂ ಇಂಗ್ಲೆಂಡ್ ಟೀ ಮೆನ್. ಮಾಲಿ ಪರ ಆಡಿದ ದೊಡ್ಡ ಟೂರ್ನಿಯೆಂದರೆ 1972ರ ಆಫ್ರಿಕನ್ ನೇಷನ್ಸ್ ಕಪ್. ಕ್ಯಾಮರೂನ್‌ನಲ್ಲಿ ನಡೆದ ಅದರ ಫೈನಲ್‌ನಲ್ಲಿ ಮಾಲಿ ಕಾಂಗೊ ಎದುರು 2-3ರಿಂದ ಸೋತಿತು.

ಆಟ ನಿಲ್ಲಿಸಿದ ಮೇಲೆ ಅವರು ಬಮಾಕೊಗೆ ಮರಳಿದರು, 1990ರ ದಶಕದ ಆರಂಭದಲ್ಲಿ ತಮ್ಮ ಹೆಸರಿನ ತರಬೇತಿ ಕೇಂದ್ರ ತೆರೆದರು. ಮಾಲಿಯಲ್ಲಿ ಅಂಥದ್ದು ಅದೇ ಮೊದಲು. ನನ್ನ ದೃಷ್ಟಿಯಲ್ಲಿ 42 ಗೋಲುಗಳ ವರ್ಷಕ್ಕಿಂತ ಇದು ದೊಡ್ಡದು. ಅಲ್ಲಿ ಕಲಿತ ಮಹಮದು ದಿಯಾರಾ ಗ್ರೀಸ್, ಹಾಲೆಂಡ್ ದಾಟಿ ಲಿಯಾನ್ ಸೇರಿದರು. 2006ರಲ್ಲಿ ರಿಯಲ್ ಮ್ಯಾಡ್ರಿಡ್ ಅವರನ್ನು 2.6 ಕೋಟಿ ಯೂರೊ ಕೊಟ್ಟು ಕೊಂಡಿತು. ಸಲೀಫ್ ಅವರ ಸಂಬಂಧಿ ಸೇದು ಕೇಟಾ ಕೂಡ ಅಲ್ಲಿಂದಲೇ ಹೊರಟವರು. 1999ರಲ್ಲಿ ನೈಜೀರಿಯಾದಲ್ಲಿ ನಡೆದ ಯುವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾಲಿ ಮೂರನೆಯದಾಯಿತು, ಟೂರ್ನಿಯ ಶ್ರೇಷ್ಠ ಆಟಗಾರ ಸೇದು. ಮುಂದೆ ಬಾರ್ಸಿಲೋನಾ ಜತೆ ಚಾಂಪಿಯನ್ಸ್ ಲೀಗ್ ಗೆದ್ದರು. ಅದೇ ಕಾಲಕ್ಕೆ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಜಾನ್-ಮಾರ್ಕ್ ಗಿಯು ಎಂಬ ಫ್ರೆಂಚ್ ಕೋಚ್ ಅಸೆಕ್ ಕ್ಲಬ್ಬಿನ ಅಕಾಡೆಮಿ ನಡೆಸುತ್ತಿದ್ದರು. ಯಾಯಾ ತೂರೆ ಬಂದದ್ದು ಅಲ್ಲಿಂದ. ಪಶ್ಚಿಮ ಆಫ್ರಿಕದಲ್ಲಿ ಈಗ ಇಂಥ ಅಕಾಡೆಮಿಗಳು ಹಲವು. ಸೆನೆಗಲ್‌ನ ಜನರೇಷನ್ ಫೂಟ್ ಸಾಡಿಯೊ ಮಾನೆಯನ್ನು ಫ್ರಾನ್ಸಿನ ಮೆಟ್ಸ್ ಕ್ಲಬ್ಬಿಗೆ ಕಳಿಸಿತು.

ಅಕಾಡೆಮಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಬೋರ್ಡು ಹಾಕಿಕೊಂಡ ನಕಲಿ ಏಜೆಂಟರು ತಂದೆತಾಯಿಯ ಹೊಲ, ಒಡವೆ ಮಾರಿಸಿ ಹುಡುಗರನ್ನು ಯುರೋಪಿಗೆ ಸಾಗಿಸಿ, ಟ್ರಯಲ್‌ನಲ್ಲಿ ಆಯ್ಕೆಯಾಗದಿದ್ದರೆ ಬೀದಿಯಲ್ಲಿ ಬಿಟ್ಟು ಹೋದದ್ದುಂಟು. ಅಂಥ ಹುಡುಗರ ನೆರವಿಗಾಗಿ ಕ್ಯಾಮರೂನ್‌ನ ಮಾಜಿ ಆಟಗಾರ ಜಾನ್-ಕ್ಲಾಡ್ ಎಂಬುಮಿನ್ 2000ದಲ್ಲಿ ಪ್ಯಾರಿಸ್‌ನಲ್ಲಿ ಫೂಟ್ ಸಾಲಿಡೇರ್ ಎಂಬ ಸಂಸ್ಥೆ ಕಟ್ಟಿದರು. 2001ರ ನಿಯಮಗಳಲ್ಲಿ ಫಿಫಾ 18 ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಗೆ, ಕೆಲವೇ ವಿನಾಯಿತಿ ಬಿಟ್ಟು, ತಡೆ ಹಾಕಿತು.

ಅದೇ ನಿಯಮಗಳಲ್ಲಿ ಇನ್ನೊಂದು ಅಂಶವಿದೆ. ಇಲ್ಲಿರುವ ಕೋಚ್‌ಗಳು ದಯವಿಟ್ಟು ಗಮನ ಕೊಟ್ಟು ಕೇಳಬೇಕು. ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದಾಗಲೆಲ್ಲ ಆ ಮೊತ್ತದ ಶೇ 5ರಷ್ಟು ಅವನ 12ರಿಂದ 23ರ ವಯಸ್ಸಿನಲ್ಲಿ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಸೇರಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, 16ರಿಂದ 23ರವರೆಗೆ ವರ್ಷಕ್ಕೆ ಶೇ 0.5. ಒಬ್ಬ ಹುಡುಗ 12ರಿಂದ 17ರವರೆಗೆ ಒಂದೇ ಊರಿನ ಕ್ಲಬ್ಬಿನಲ್ಲಿ ಕಲಿತ, ಮುಂದೆ ಯಾವಾಗಲೋ 100 ಕೋಟಿ ರೂಪಾಯಿಗೆ ಕ್ಲಬ್ ಬದಲಿಸಿದ ಎನ್ನಿ. ಮೊದಲ ನಾಲ್ಕು ವರ್ಷಕ್ಕೆ ತಲಾ 25 ಲಕ್ಷ, ನಂತರದ ಎರಡು ವರ್ಷಕ್ಕೆ ತಲಾ 50 ಲಕ್ಷ. ಒಟ್ಟು 2 ಕೋಟಿ ಆ ಊರಿನ ಕ್ಲಬ್ಬಿನ ಹಕ್ಕು. 1967ರಲ್ಲಿ ಈ ನಿಯಮ ಇರಲಿಲ್ಲ. ಕೇಟಾ ಮನ್ರೋವಿಯಾದ ದಾರಿ ಹಿಡಿದು ಗುಟ್ಟಾಗಿ ಹೊರಟ ದಿನ ರಿಯಲ್ ಬಮಾಕೊ ಕೈಗೆ ಏನೂ ಬರಲಿಲ್ಲ.

ನಿಯಮ ಇದ್ದರೂ ಹಣ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಯಾವ ವರ್ಷ ಯಾವ ಕ್ಲಬ್ಬಿನಲ್ಲಿ ಹುಡುಗನ ಹೆಸರು ನೋಂದಣಿಯಾಗಿತ್ತು ಎಂಬ ದಾಖಲೆ ಬೇಕು. ಆ ದಾಖಲೆ ಇಲ್ಲದ ಸಣ್ಣ ಕ್ಲಬ್ಬುಗಳ ಪಾಲು ಬಹಳ ಕಾಲ ಕೈಬಿಟ್ಟು ಹೋಗುತ್ತಿತ್ತು. 2022ರ ನವೆಂಬರ್‌ನಿಂದ ಪ್ಯಾರಿಸ್‌ನಲ್ಲಿ ಫಿಫಾದ ಕ್ಲಿಯರಿಂಗ್ ಹೌಸ್ ಕೆಲಸ ಮಾಡುತ್ತಿದೆ. ಆಟಗಾರನ ನೋಂದಣಿಯ ಇತಿಹಾಸ ನೋಡಿ ಅದು ಹಣ ಹಂಚುತ್ತದೆ. ಹೆಸರೇ ಇಲ್ಲದ ಕ್ಲಬ್ಬಿಗೆ ಅದೂ ಏನು ಕೊಟ್ಟೀತು?

ಸಲೀಫ್ ಕೇಟಾ 2005ರಿಂದ 2009ರವರೆಗೆ ಮಾಲಿ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದರು. 2023ರ ಸೆಪ್ಟೆಂಬರ್ 2ರಂದು, 76ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಕ್ಲಬ್ ಮಾಲಿಯ ಲೀಗ್‌ನಲ್ಲಿ ಹೆಸರು ಮಾಡಿದೆ.

ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್‌ನಂಥ ಬಡಾವಣೆಗಳಲ್ಲಿ ಸಂಬಳವಿಲ್ಲದೆ ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರಿಗೆ, ಜಿಲ್ಲೆ ಜಿಲ್ಲೆಯ ಸಣ್ಣ ಕ್ಲಬ್ಬುಗಳ ಕಾರ್ಯದರ್ಶಿಗಳಿಗೆ ನನ್ನದೊಂದು ವಿನಂತಿ. ನಿಮ್ಮಲ್ಲಿ ಆಡುವ ಪ್ರತಿ ಹುಡುಗ, ಪ್ರತಿ ಹುಡುಗಿಯ ಹೆಸರನ್ನು 12ನೆಯ ವಯಸ್ಸಿನಿಂದಲೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಕ್ಲಬ್ಬಿನ ಹೆಸರಿನಡಿ ದಾಖಲು ಮಾಡಿಸಿ. ಪ್ರತಿ ವರ್ಷ ಮರೆಯದೆ ನವೀಕರಿಸಿ, ಅದರ ಪ್ರತಿಯನ್ನು ಜೋಪಾನವಾಗಿಡಿ. ಆ ಮಕ್ಕಳಿಗೆ ನೀವು ಕೊಟ್ಟ ವರ್ಷಗಳ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.